ಔಷಧದ ತಪ್ಪು ಎಷ್ಟು ಅಂತ ಕೇಳುವ ಮೊದಲು, ಹೇಗೆ ಎಣಿಸಿದಿರಿ ಅಂತ ಕೇಳಿ

ಅಮೆರಿಕದ 36 ಆಸ್ಪತ್ರೆ ಮತ್ತು ನರ್ಸಿಂಗ್ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ರೋಗಿಗಳಿಗೆ ಕೊಟ್ಟ 2,556 ಡೋಸ್‌ಗಳಲ್ಲಿ ಎಷ್ಟು ತಪ್ಪಾಗಿವೆ ಅಂತ ಮೂರು ದಾರಿಯಲ್ಲಿ ಹುಡುಕಿದರು. ಪಕ್ಕದಲ್ಲಿ ನಿಂತು ನೋಡಿದವರಿಗೆ 300 ತಪ್ಪು ಸಿಕ್ಕಿದವು. ಕೇಸ್ ಶೀಟ್ ಓದಿದವರಿಗೆ 17. ಸಿಬ್ಬಂದಿಯೇ ತುಂಬಿಕೊಡುವ ಘಟನಾ ವರದಿಯಲ್ಲಿ ಇದ್ದದ್ದು 1. ಫಾರ್ಮಸಿಸ್ಟ್‌ಗಳು ಕೂತು ತಾಳೆ ನೋಡಿ ಖಚಿತಪಡಿಸಿದ ಒಟ್ಟು ತಪ್ಪು 457, ಅಂದರೆ ಪಕ್ಕದಲ್ಲೇ ನಿಂತವರ ಕಣ್ಣಿಗೂ ಎಲ್ಲವೂ ಬಿದ್ದಿರಲಿಲ್ಲ.

ಅದೇ ರೋಗಿಗಳು, ಅದೇ ಡೋಸ್‌ಗಳು. ಲೆಕ್ಕ ಮಾತ್ರ 1ರಿಂದ 300ರವರೆಗೆ.

ಆಡಳಿತದ ಮೀಟಿಂಗಿಗೆ ಬರುವ ಸಂಖ್ಯೆ ಹೆಚ್ಚಿನ ಕಡೆ ಈ ಮೂರನೆಯದೇ. ‘ಈ ತಿಂಗಳು ಔಷಧದ ತಪ್ಪು ಇಷ್ಟೇ’ ಅಂತ ಒಂದು ಗ್ರಾಫ್ ತೋರಿಸುತ್ತಾರೆ, ಗೆರೆ ಕೆಳಗಿಳಿದಿದ್ದರೆ ಎಲ್ಲರೂ ಖುಷಿಪಡುತ್ತಾರೆ. ಅದು ತಪ್ಪಿನ ಲೆಕ್ಕವೇ ಅಲ್ಲ. ಎಷ್ಟು ಜನ ಬಾಯಿಬಿಟ್ಟರು ಅನ್ನುವುದರ ಲೆಕ್ಕ. ರೋಗಿ ಸುರಕ್ಷತೆಯ ಬಗ್ಗೆ ಬರುವ ಬಹುಪಾಲು ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನೂ ಒಂದು ಗಂಟು ಬಿಡಿಸಬೇಕು. ತಪ್ಪು ಬೇರೆ, ಹಾನಿ ಬೇರೆ. ರಾತ್ರಿ 8ಕ್ಕೆ ಕೊಡಬೇಕಾದ ಮಾತ್ರೆಯನ್ನು ಒಂಬತ್ತೂವರೆಗೆ ಕೊಟ್ಟರು, ರೋಗಿಗೆ ಏನೂ ಆಗಲಿಲ್ಲ. ಇಲ್ಲಿ ತಪ್ಪಿದೆ, ಹಾನಿಯಿಲ್ಲ. ಅಲರ್ಜಿ ಇದೆ ಅಂತ ಯಾರಿಗೂ ಗೊತ್ತಿರದ ರೋಗಿಗೆ ಪೆನಿಸಿಲಿನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿತು. ಇಲ್ಲಿ ಹಾನಿಯಿದೆ, ತಪ್ಪಿಲ್ಲ. ಅಲರ್ಜಿ ಇದೆ ಅಂತ ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದಿದ್ದರೂ ಕೊಟ್ಟುಬಿಟ್ಟರೆ ಎರಡೂ ಇವೆ. ಕೆಲವು ಸಾಧನಗಳು ತಪ್ಪನ್ನು ಎಣಿಸುತ್ತವೆ, ಕೆಲವು ಹಾನಿಯನ್ನು ಎಣಿಸುತ್ತವೆ, ಸುದ್ದಿ ಬರೆಯುವವರು ಎರಡನ್ನೂ ಒಂದೇ ಸಾಲಿನಲ್ಲಿ ಹಾಕಿಬಿಡುತ್ತಾರೆ.

ಇಂಗ್ಲೆಂಡಿನ ಲೆಕ್ಕ ನೋಡಿ. ಅಲ್ಲಿ ವರ್ಷಕ್ಕೆ 23.7 ಕೋಟಿ ಔಷಧದ ತಪ್ಪು ಆಗುತ್ತವೆ ಅಂತ 2018ರಲ್ಲಿ ಒಂದು ಅಂದಾಜು ಬಂತು. ಓದಿದವರಿಗೆ ಎದೆ ಧಸಕ್ಕೆನ್ನಬೇಕು, ಅಷ್ಟು ದೊಡ್ಡದು. ಆದರೆ ಅದೇ ವರದಿ ಹೇಳುವ ಪ್ರಕಾರ ಅದರಲ್ಲಿ ಶೇ 72ರಷ್ಟು ತಪ್ಪುಗಳಿಂದ ಹಾನಿ ಆಗುವ ಸಾಧ್ಯತೆ ಇಲ್ಲ, ಇದ್ದರೂ ತೀರಾ ಕಡಿಮೆ. ತೊಂದರೆ ಮಾಡಬಹುದಾದಂಥವು ಸುಮಾರು 6.6 ಕೋಟಿ. ತಡೆಯಬಹುದಾಗಿದ್ದ ಅಡ್ಡಪರಿಣಾಮದಿಂದ ನೇರವಾಗಿ ಆದ ಸಾವು 712, ಸಾವಿಗೆ ಒಂದು ಕಾರಣವಾಗಿದ್ದು 1,708. ಈ ಸಾವಿನ ಲೆಕ್ಕ ಸಣ್ಣದೇನಲ್ಲ, ಅದು ಬೇರೆ ಮಾತು. ಆದರೆ ಕೋಟಿಯಲ್ಲಿ ಶುರುವಾದ ಮಾತು ಸಾವಿರದಲ್ಲಿ ಬಂದು ನಿಂತಿತು, ಮತ್ತು ಇವು ಯಾವುವೂ ಒಂದಕ್ಕೊಂದು ಸುಳ್ಳಲ್ಲ. ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ.

ಈಗ ಘಟನಾ ವರದಿಗೆ ಬರೋಣ. 2,556 ಡೋಸ್‌ಗೆ ಒಂದೇ ವರದಿ ಅಂದ ಕೂಡಲೇ ಸಿಬ್ಬಂದಿ ಮುಚ್ಚಿಡುತ್ತಿದ್ದಾರೆ ಅಂತ ಅನಿಸುತ್ತದೆ. ಸ್ವಲ್ಪ ಮಟ್ಟಿಗೆ ಅದೂ ನಿಜ. ಆದರೆ ದೊಡ್ಡ ಕಾರಣ ಬೇರೆ ಇದೆ. ತಾನು ತಪ್ಪು ಮಾಡಿದೆ ಅಂತ ಮಾಡಿದವರಿಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ವರದಿ ಮಾಡುವುದು ಹೇಗೆ? ಗೊತ್ತಾದರೂ ರೋಗಿಗೆ ಏನೂ ಆಗದಿದ್ದರೆ, ಶಿಫ್ಟ್ ಮುಗಿಯುವ ಹೊತ್ತಿಗೆ ನಾಲ್ಕು ಪುಟದ ಫಾರ್ಮ್ ತುಂಬಲು ಯಾರೂ ಕೂರುವುದಿಲ್ಲ. ಇನ್ನು ಹೆದರಿಕೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2017ರ ಕೊನೆಗೆ ನಡೆದ ಪ್ರಕರಣ ಈ ವಲಯದವರಿಗೆಲ್ಲ ಗೊತ್ತು. ಕಂಪ್ಯೂಟರ್ ಇರುವ ಔಷಧದ ಕಪಾಟಿನಲ್ಲಿ ನರ್ಸ್ ಒಬ್ಬರು ‘ವರ್ಸೆಡ್’ ಎಂಬ ನಿದ್ದೆ ಬರಿಸುವ ಔಷಧ ಹುಡುಕಲು ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರು. ಸಿಕ್ಕಿದ್ದು ವೆಕ್ಯುರೋನಿಯಂ. ಅದು ಸ್ನಾಯುಗಳನ್ನು, ಉಸಿರಾಟದ ಸ್ನಾಯುಗಳನ್ನೂ ಸೇರಿಸಿ, ನಿಲ್ಲಿಸಿಬಿಡುವ ಔಷಧ. ರೋಗಿ ತೀರಿಕೊಂಡರು. ತಪ್ಪನ್ನು ತಾವೇ ಒಪ್ಪಿಕೊಂಡಿದ್ದ ಆ ನರ್ಸ್ ಮೇಲೆ ಕ್ರಿಮಿನಲ್ ಕೇಸ್ ನಡೆದು 2022ರಲ್ಲಿ ಅಪರಾಧಿ ಅಂತ ತೀರ್ಪಾಯಿತು. ಹೀಗಾದರೆ ಇನ್ನು ಮುಂದೆ ಯಾರು ವರದಿ ಮಾಡುತ್ತಾರೆ ಅಂತ ನರ್ಸ್‌ಗಳ ಸಂಘಟನೆಗಳು ಕೇಳಿದ್ದರಲ್ಲಿ ನ್ಯಾಯವಿತ್ತು.

ಹಾಗಂತ ಘಟನಾ ವರದಿ ಕಸದ ಬುಟ್ಟಿಗೆ ಹಾಕುವಂಥದ್ದಲ್ಲ. ‘ಎಷ್ಟು’ ಅನ್ನುವುದಕ್ಕೆ ಅದು ಅತಿ ಕೆಟ್ಟ ಸಾಧನ, ‘ಯಾಕೆ’ ಅನ್ನುವುದಕ್ಕೆ ಅದೇ ಅತಿ ಒಳ್ಳೆಯದು. ಎರಡು ಬಾಟಲಿಗಳ ಲೇಬಲ್ ಒಂದೇ ಬಣ್ಣದ್ದಿತ್ತು, 1.0 ಅಂತ ಬರೆದದ್ದರಲ್ಲಿ ಚುಕ್ಕೆ ಮಾಸಿ 10 ಅಂತ ಕಂಡಿತು, ಇನ್ಸುಲಿನ್ ಪಕ್ಕ ಯೂನಿಟ್ ಅನ್ನುವುದಕ್ಕೆ ಬರೆದ ‘ಯು’ ಅಕ್ಷರ ಸೊನ್ನೆಯ ಹಾಗೆ ಕಂಡು 4 ಯೂನಿಟ್ ಹೋಗಿ 40 ಆಯಿತು. ಇಂಥ ಸಂಗತಿ ಯಾವ ಕೇಸ್ ಶೀಟಿನಲ್ಲೂ ಇರುವುದಿಲ್ಲ. ಅಲ್ಲಿದ್ದವರು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಅಮೆರಿಕದ ಐಎಸ್‌ಎಂಪಿ ಎಂಬ ಔಷಧ ಸುರಕ್ಷತಾ ಸಂಸ್ಥೆ ಹೊರತಂದಿರುವ ಗೊಂದಲದ ಹೆಸರುಗಳ ಪಟ್ಟಿ, ಬಳಸಬಾರದ ಸಂಕ್ಷೇಪಗಳ ಪಟ್ಟಿ ಇವೆಲ್ಲ ಇಂಥ ವರದಿಗಳನ್ನು ನೆಚ್ಚಿಕೊಂಡೇ ಬೆಳೆದಿವೆ. ಆದ್ದರಿಂದ ಒಂದು ಆಸ್ಪತ್ರೆಯಲ್ಲಿ ವರದಿಗಳು ಜಾಸ್ತಿಯಾದರೆ ಅದು ಒಳ್ಳೆಯ ಸುದ್ದಿಯೇ ಇರಬಹುದು, ಅದರಲ್ಲೂ ಹಾನಿ ಆಗದ ಘಟನೆಗಳ ವರದಿ ಏರಿ ಗಂಭೀರ ಹಾನಿಯ ವರದಿ ಇದ್ದಷ್ಟೇ ಇದ್ದರೆ. ಜಾಸ್ತಿ ವರದಿ ಬಂದ ವಾರ್ಡಿಗೆ ನೋಟಿಸ್ ಕೊಡುವ ಆಡಳಿತ ಮುಂದಿನ ತಿಂಗಳು ಖಂಡಿತ ಕಡಿಮೆ ವರದಿ ಪಡೆಯುತ್ತದೆ. ತಪ್ಪುಗಳು ಮಾತ್ರ ಇದ್ದಲ್ಲೇ ಇರುತ್ತವೆ.

ವರದಿ ಬಂದ ಮೇಲೆ ಅದಕ್ಕೊಂದು ದರ್ಜೆ ಕೊಡಬೇಕು. ಇದಕ್ಕೆ ಅನೇಕ ಕಡೆ ಬಳಸುವುದು ಎನ್‌ಸಿಸಿ ಮೆರ್ಪ್ ಎಂಬ ಅಮೆರಿಕದ ಮಂಡಳಿಯ ಸೂಚ್ಯಂಕ, 1996ರಿಂದ ಇದೆ. ಇಂಗ್ಲಿಷ್ ಅಕ್ಷರಮಾಲೆಯ ‘ಎ’ಯಿಂದ ‘ಐ’ವರೆಗೆ ಒಂಬತ್ತು ಮೆಟ್ಟಿಲು. ‘ಎ’ ಅಂದರೆ ತಪ್ಪು ಇನ್ನೂ ಆಗಿಲ್ಲ, ಆಗುವ ಪರಿಸ್ಥಿತಿ ಇದೆ. ‘ಬಿ’ಯಲ್ಲಿ ತಪ್ಪು ಆಯಿತು, ರೋಗಿಯನ್ನು ಮುಟ್ಟಲಿಲ್ಲ. ‘ಸಿ’, ‘ಡಿ’ಯಲ್ಲಿ ಮುಟ್ಟಿತು, ಹಾನಿ ಆಗಲಿಲ್ಲ. ‘ಇ’ಯಿಂದ ಹಾನಿ ಶುರು, ‘ಐ’ ಅಂದರೆ ಸಾವು. ಸರಳ, ಕಲಿಯಲು ಸುಲಭ. ಆದರೆ ಇದರಲ್ಲೊಂದು ತೊಡಕಿದೆ. ಹತ್ತು ಪಟ್ಟು ಜಾಸ್ತಿ ಡೋಸ್ ಹೋದ ಇಬ್ಬರು ರೋಗಿಗಳಲ್ಲಿ ಒಬ್ಬ ಗಟ್ಟಿಮುಟ್ಟಾದ ಯುವಕ, ಇನ್ನೊಬ್ಬರು ಕಿಡ್ನಿ ಕೆಟ್ಟ ವೃದ್ಧೆ ಅಂತಿಟ್ಟುಕೊಳ್ಳಿ. ಯುವಕನದ್ದು ‘ಡಿ’ಯಲ್ಲಿ ನಿಲ್ಲುತ್ತದೆ, ವೃದ್ಧೆಯದ್ದು ‘ಎಚ್’ಗೆ ಹೋಗುತ್ತದೆ. ತಪ್ಪು ಒಂದೇ, ದರ್ಜೆ ಅದೃಷ್ಟದ್ದು. ಅದಕ್ಕೇ ಕೆಲವು ಸಂಶೋಧಕರು ಆದ ಹಾನಿ ಬಿಟ್ಟು ಆಗಬಹುದಾಗಿದ್ದ ಹಾನಿಗೆ ಅಂಕ ಕೊಡುತ್ತಾರೆ. ನಾಲ್ಕು ಜನ ತಜ್ಞರು ಪ್ರತ್ಯೇಕವಾಗಿ 0ಯಿಂದ 10ರವರೆಗೆ ಅಂಕ ಹಾಕಿ ಸರಾಸರಿ ತೆಗೆಯುವ ಒಂದು ಪದ್ಧತಿ 1999ರಲ್ಲೇ ಬಂದಿದೆ. ನಾಲ್ಕು ಜನ ಯಾಕೆ ಬೇಕು? ಒಬ್ಬರಿಗೆ 3 ಅನಿಸಿದ್ದು ಇನ್ನೊಬ್ಬರಿಗೆ 7 ಅನಿಸುತ್ತದೆ, ಅದಕ್ಕೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೆರ್ಪ್ ಸೂಚ್ಯಂಕ ಮಾಡಿದ ಸಂಸ್ಥೆಯೇ ತಪ್ಪಿನ ಪ್ರಮಾಣವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಲಿಸುವುದರಲ್ಲಿ ಅರ್ಥವಿಲ್ಲ ಅಂತ ಲಿಖಿತವಾಗಿ ಹೇಳಿದೆ. ಆದರೂ ಹೋಲಿಸುವವರಿಗೇನೂ ಕಡಿಮೆಯಿಲ್ಲ.

ವರದಿಗಾಗಿ ಕಾಯುತ್ತ ಕೂರುವ ಬದಲು ನಾವೇ ಹುಡುಕಿಕೊಂಡು ಹೋದರೆ? ಟ್ರಿಗರ್ ಟೂಲ್ ಮಾಡುವುದು ಇದನ್ನೇ. ಅಮೆರಿಕದ ಐಎಚ್‌ಐ ಎಂಬ ಆರೋಗ್ಯ ಸೇವೆ ಸುಧಾರಣಾ ಸಂಸ್ಥೆಯ ಗ್ಲೋಬಲ್ ಟ್ರಿಗರ್ ಟೂಲ್ ಎಲ್ಲಕ್ಕಿಂತ ಹೆಸರು ಮಾಡಿದ್ದು. ಕೆಲಸ ಹೀಗೆ ನಡೆಯುತ್ತದೆ. ಡಿಸ್ಚಾರ್ಜ್ ಆದವರ ಫೈಲುಗಳಲ್ಲಿ ತಿಂಗಳಿಗೆ 20ನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಇಬ್ಬರು, ಸಾಮಾನ್ಯವಾಗಿ ಅನುಭವಿ ನರ್ಸ್ ಅಥವಾ ಫಾರ್ಮಸಿಸ್ಟ್, ಪ್ರತ್ಯೇಕವಾಗಿ ಓದುತ್ತಾರೆ. ಒಂದು ಫೈಲಿಗೆ 20 ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಪುಟ ಪುಟ ಓದುವುದಲ್ಲ, ಸುಳಿವು ಹುಡುಕುವುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಅದರ ಪರಿಣಾಮ ಇಳಿಸುವ ವಿಟಮಿನ್ ಕೆ ಕೊಟ್ಟಿದ್ದಾರಾ? ಅದೊಂದು ಸುಳಿವು. ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ, 6 ದಾಟಿದೆಯಾ? ಸಕ್ಕರೆ 50ಕ್ಕಿಂತ ಕೆಳಗೆ ಇಳಿದಿದೆಯಾ? ಮಾರ್ಫಿನ್ ಕೊಟ್ಟವರಿಗೆ ಅದರ ಪ್ರತಿಮದ್ದು ನ್ಯಾಲಾಕ್ಸೋನ್ ಬೇಕಾಯಿತಾ? ವಾರ್ಡಿನಲ್ಲಿದ್ದವರನ್ನು ಐಸಿಯುಗೆ ಸಾಗಿಸಿದರಾ? ಸುಳಿವು ಸಿಕ್ಕ ಕಡೆ ಮಾತ್ರ ನಿಂತು ಆ ದಿನದ ಟಿಪ್ಪಣಿ ಓದುತ್ತಾರೆ. ಹಾನಿ ಆಗಿದೆ ಅನಿಸಿದರೆ ವೈದ್ಯರೊಬ್ಬರ ಮುಂದೆ ಇಡುತ್ತಾರೆ, ಅವರು ಹೌದು ಅಂದರೆ ಲೆಕ್ಕಕ್ಕೆ ಸೇರುತ್ತದೆ. ಐಎನ್‌ಆರ್ 7 ಇದ್ದು ಎಲ್ಲೂ ರಕ್ತಸ್ರಾವ ಆಗಿಲ್ಲವೆಂದರೆ ಅದು ಸುಳಿವು ಮಾತ್ರ, ಹಾನಿಯಲ್ಲ, ಬಿಟ್ಟುಬಿಡುತ್ತಾರೆ.

ಇದರ ಶಕ್ತಿ ಗೊತ್ತಾಗಿದ್ದು 2011ರಲ್ಲಿ. ಮೂರು ಆಸ್ಪತ್ರೆಗಳ 795 ಫೈಲುಗಳಲ್ಲಿ ಟ್ರಿಗರ್ ಟೂಲ್ 354 ಹಾನಿಯ ಘಟನೆಗಳನ್ನು ಹಿಡಿಯಿತು. ಬಿಲ್ಲಿಂಗ್ ಕೋಡ್‌ಗಳಿಂದ ಲೆಕ್ಕ ಹಾಕುವ ಅಮೆರಿಕ ಸರ್ಕಾರದ ಸುರಕ್ಷತಾ ಸೂಚಕಗಳಿಗೆ ಸಿಕ್ಕಿದ್ದು 35. ಸ್ವಯಂಪ್ರೇರಿತ ವರದಿಗೆ 4. ಹೆಚ್ಚುಕಡಿಮೆ ಮೂವರು ರೋಗಿಗಳಲ್ಲಿ ಒಬ್ಬರಿಗೆ ಏನಾದರೊಂದು ಹಾನಿ ಆಗಿತ್ತು, ಇದರಲ್ಲಿ ಔಷಧದ್ದು ಒಂದು ಭಾಗ. ಇದು ಹೊಸ ಪಾಠವೂ ಅಲ್ಲ. ಅದಕ್ಕೂ 20 ವರ್ಷ ಹಿಂದೆ, 1991ರಲ್ಲೇ, ಸಾಲ್ಟ್ ಲೇಕ್ ಸಿಟಿಯ ಎಲ್‌ಡಿಎಸ್ ಆಸ್ಪತ್ರೆಯವರು ಕಂಪ್ಯೂಟರಿಗೆ ಇಂಥದ್ದೇ ಸುಳಿವು ಹೇಳಿಕೊಟ್ಟು 36,653 ರೋಗಿಗಳ ಮೇಲೆ ಕಣ್ಣಿಟ್ಟು, ಔಷಧದಿಂದಾದ ತೊಂದರೆ 731 ಪತ್ತೆ ಮಾಡಿದ್ದರು. ಅದೇ ಅವಧಿಯಲ್ಲಿ ಹಳೇ ಪದ್ಧತಿಗೆ ಸಿಕ್ಕಿದ್ದು 9.

ಟ್ರಿಗರ್ ಟೂಲ್‌ಗೂ ಮಿತಿ ಇದೆ. ಅದು ಕಾಗದದಲ್ಲಿ ಇರುವುದನ್ನು ಮಾತ್ರ ಓದಬಲ್ಲದು. ಸಕ್ಕರೆ ಪರೀಕ್ಷೆಯನ್ನೇ ಮಾಡದ ವಾರ್ಡಿನಲ್ಲಿ ಸಕ್ಕರೆ ಇಳಿದ ರೋಗಿ ಒಬ್ಬರೂ ಇರುವುದಿಲ್ಲ, ಅಲ್ವಾ? ಟಿಪ್ಪಣಿ ಚೆನ್ನಾಗಿ ಬರೆಯುವ ಆಸ್ಪತ್ರೆ ಕೆಟ್ಟದಾಗಿ ಕಾಣುತ್ತದೆ, ಬರೆಯದೆ ಬಿಟ್ಟವರು ಸಂಭಾವಿತರಾಗಿ ಕಾಣುತ್ತಾರೆ. ಕೊಡಬೇಕಾದ ಔಷಧ ಕೊಡದೆ ಬಿಟ್ಟದ್ದರಿಂದ ಆದ ತೊಂದರೆ ಇದರಲ್ಲಿ ಸರಿಯಾಗಿ ಬೀಳುವುದೂ ಇಲ್ಲ. ತಿಂಗಳಿಗೆ 20 ಫೈಲು ಅಂದರೆ ಒಂದು ತಿಂಗಳ ಅಂಕಿಗೆ ಹೆಚ್ಚು ಬೆಲೆಯಿಲ್ಲ, ಒಂದೆರಡು ವರ್ಷ ಸತತವಾಗಿ ಮಾಡಿ ಗೆರೆ ಎತ್ತ ಹೋಗುತ್ತಿದೆ ಅಂತ ನೋಡಬೇಕು. ಅದಕ್ಕೆ ತಾಳ್ಮೆ ಬೇಕು.

ಪಕ್ಕದಲ್ಲಿ ನಿಂತು ನೋಡುವ ಪದ್ಧತಿ ಇನ್ನೂ ಹಳೆಯದು, 1960ರ ದಶಕದಿಂದ ಇದೆ. ನನಗೆ ಇದು ಎಲ್ಲಕ್ಕಿಂತ ಪ್ರಾಮಾಣಿಕ ಅನಿಸುತ್ತದೆ. ನೋಡುವವರು ಔಷಧ ಕೊಡುವ ನರ್ಸ್ ಜೊತೆ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾರೆ. ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ, ಬಾಯಿಗೋ ರಕ್ತನಾಳಕ್ಕೋ, ಎಲ್ಲ ಬರೆದುಕೊಳ್ಳುತ್ತಾರೆ. ವೈದ್ಯರು ಏನು ಬರೆದಿದ್ದಾರೆ ಅಂತ ಆಗ ನೋಡುವುದಿಲ್ಲ, ಆಮೇಲೆ ತಾಳೆ ಹಾಕುತ್ತಾರೆ. ಮೊದಲೇ ನೋಡಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಇಲ್ಲಿ ಇನ್ನೊಂದು ಅನುಕೂಲ ಇದೆ, ಭಾಗಾಕಾರಕ್ಕೆ ಕೆಳಗಿನ ಸಂಖ್ಯೆ ಖಚಿತವಾಗಿ ಸಿಗುತ್ತದೆ. ಕೊಟ್ಟ ಡೋಸ್ ಮತ್ತು ಕೊಡಬೇಕಾಗಿದ್ದು ಬಿಟ್ಟುಹೋದ ಡೋಸ್ ಎರಡೂ ಸೇರಿದ ಮೊತ್ತ ಅದು. ‘ಈ ತಿಂಗಳು 40 ತಪ್ಪು’ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ, 400 ಡೋಸ್‌ಗಾ, 40,000 ಡೋಸ್‌ಗಾ?

ಔಷಧ ಕೊಡುವ ಮೊದಲು ಬಾರ್‌ಕೋಡ್ ಸ್ಕ್ಯಾನ್ ಮಾಡುವುದರಿಂದ ನಿಜಕ್ಕೂ ಉಪಯೋಗ ಇದೆಯಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ ನೋಡಿದ್ದರಿಂದಲೇ. ಬಾಸ್ಟನ್ನಿನಲ್ಲಿ 14,041 ಸಲ ಔಷಧ ಕೊಡುವುದನ್ನು ಗಮನಿಸಿದ ಅಧ್ಯಯನ 2010ರಲ್ಲಿ ಬಂತು. ಹೊತ್ತು ತಪ್ಪಿದ್ದನ್ನು ಬಿಟ್ಟು ಉಳಿದ ತಪ್ಪುಗಳು ಶೇ 11.5ರಿಂದ 6.8ಕ್ಕೆ ಇಳಿದವು. ಘಟನಾ ವರದಿ ನಂಬಿ ಕೂತಿದ್ದರೆ ಈ ವ್ಯತ್ಯಾಸ ಎಂದೂ ಕಾಣುತ್ತಿರಲಿಲ್ಲ. ಆದರೆ ಒಬ್ಬರನ್ನು ಇಡೀ ದಿನ ನೋಡಲು ನಿಲ್ಲಿಸುವುದು ದುಬಾರಿ, ಯಾರೋ ನೋಡುತ್ತಿದ್ದಾರೆ ಅಂದಾಗ ಸಿಬ್ಬಂದಿ ಸ್ವಲ್ಪ ಜಾಸ್ತಿ ಹುಷಾರಾಗಿರುತ್ತಾರೆ, ಕಣ್ಣೆದುರೇ ಅಪಾಯದ ಡೋಸ್ ಹೋಗುತ್ತಿದ್ದರೆ ನೋಡುವವರು ಬರೆದುಕೊಳ್ಳುವುದು ಬಿಟ್ಟು ಕೈ ಹಿಡಿಯಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವೈದ್ಯರು ಬರೆದದ್ದೇ ತಪ್ಪಾಗಿದ್ದರೆ ಈ ಪದ್ಧತಿಗೆ ಅದು ಗೊತ್ತಾಗುವುದಿಲ್ಲ. ಬರೆದ ಹಾಗೆ ಕೊಟ್ಟರು, ತಾಳೆಯಾಯಿತು, ಮುಗಿಯಿತು.

ಬರೆಯುವ ಹಂತ ಸಣ್ಣದಲ್ಲ. 1995ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ತಡೆಯಬಹುದಾಗಿದ್ದ ಹಾನಿಗಳಲ್ಲಿ ಶೇ 56 ಔಷಧ ಬರೆಯುವಾಗಲೇ ಹುಟ್ಟಿದ್ದವು, ಶೇ 34 ಕೊಡುವಾಗ. ಬರೆಯುವಾಗ ಆದ ತಪ್ಪುಗಳಲ್ಲಿ ಶೇ 48ನ್ನು ಮುಂದೆ ಯಾರೋ ಒಬ್ಬರು ತಡೆದಿದ್ದರು. ಕೊಡುವಾಗ ಆದದ್ದರಲ್ಲಿ ತಡೆದದ್ದು ಸೊನ್ನೆ, ಯಾಕೆಂದರೆ ನರ್ಸ್ ಆದ ಮೇಲೆ ನೋಡಲು ಇನ್ಯಾರೂ ಇಲ್ಲ. ಕಂಪ್ಯೂಟರಿನಲ್ಲಿ ಔಷಧ ಬರೆಯುವ ಆಸ್ಪತ್ರೆಗಳಿಗೆ ಈಗ ಒಂದು ಜಾಣ ಪರೀಕ್ಷೆ ಇದೆ. ಅಮೆರಿಕದ ಲೀಪ್‌ಫ್ರಾಗ್ ಎಂಬ, ಆಸ್ಪತ್ರೆಗಳ ಸುರಕ್ಷತೆಗೆ ಅಂಕ ಕೊಡುವ ಸಂಸ್ಥೆ ಸುಳ್ಳು ರೋಗಿಗಳ ವಿವರ ಕೊಡುತ್ತದೆ. ಅವರ ಹೆಸರಿನಲ್ಲಿ ಬೇಕಂತಲೇ ಅಪಾಯದ ಔಷಧ ಬರೆದು ಕಂಪ್ಯೂಟರ್ ಎಚ್ಚರಿಸುತ್ತದಾ ಅಂತ ನೋಡಬೇಕು. 2009ರಲ್ಲಿ ಸರಾಸರಿ ಅಂಕ ಶೇ 53.9, 2018ರಲ್ಲಿ 65.6. ಅಂದರೆ ಅಷ್ಟು ವರ್ಷ ಕಳೆದ ಮೇಲೂ ಮೂರರಲ್ಲಿ ಒಂದು ಸುಮ್ನೆ ಒಳಗೆ ಹೋಗುತ್ತಿತ್ತು. ಎಚ್ಚರಿಕೆ ಬಂದರೂ ವೈದ್ಯರು ಅದನ್ನು ಒತ್ತಿ ಮುಂದೆ ಹೋಗುವುದು ಬೇರೆಯೇ ಕಥೆ. ದಿನಕ್ಕೆ ನೂರು ಸಲ ಕೂಗುವ ಕಂಪ್ಯೂಟರನ್ನು ಯಾರು ಕೇಳುತ್ತಾರೆ?

ಸಾವಿನ ಲೆಕ್ಕಕ್ಕೆ ಬಂದರೆ ನೆಲ ಇನ್ನೂ ಜಾರುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪಿನಿಂದ ವರ್ಷಕ್ಕೆ 44,000ದಿಂದ 98,000 ಸಾವು ಅಂತ 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿತು. ಮೇಲಿನ ಅಂಕಿ ನ್ಯೂಯಾರ್ಕಿನ 1984ರ ಫೈಲುಗಳಿಂದ, ಕೆಳಗಿನದು ಯೂಟಾ ಮತ್ತು ಕೊಲರಾಡೋದ 1992ರ ಫೈಲುಗಳಿಂದ ಬಂದದ್ದು. 2016ರಲ್ಲಿ ಬಂದ ಒಂದು ಲೇಖನ ಅದನ್ನು 2.5 ಲಕ್ಷಕ್ಕೂ ಮೇಲೆ ಒಯ್ದಿತು, ಕೆಲವೇ ಸಣ್ಣ ಅಧ್ಯಯನಗಳನ್ನು ಹಿಗ್ಗಿಸಿ. ಇದಕ್ಕೆಲ್ಲ ತಳಪಾಯ ಯಾವುದು ಅಂದರೆ, ಫೈಲು ಓದಿದ ವೈದ್ಯರು ‘ಇದನ್ನು ತಡೆಯಬಹುದಿತ್ತು’ ಅಂತ ಹೇಳಿದ್ದು. 2001ರ ಒಂದು ಅಧ್ಯಯನ ಇದನ್ನೇ ಕೆದಕಿತು. ಓದಿದ ವೈದ್ಯರ ಪ್ರಕಾರ ಶೇ 22.7 ಸಾವುಗಳನ್ನು ತಡೆಯುವ ಸಾಧ್ಯತೆಯಾದರೂ ಇತ್ತು. ಸರಿ, ಚಿಕಿತ್ಸೆ ಪಕ್ಕಾ ಆಗಿದ್ದರೆ ಇವರಲ್ಲಿ ಎಷ್ಟು ಜನ ನೆಟ್ಟಗಿನ ಪ್ರಜ್ಞೆಯಲ್ಲಿ ಮೂರು ತಿಂಗಳಾದರೂ ಬದುಕುತ್ತಿದ್ದರು ಅಂತ ಅವರನ್ನೇ ಕೇಳಿದರೆ, ತೀರಿಕೊಂಡವರಲ್ಲಿ ಶೇ 0.5. ಪ್ರಶ್ನೆ ಸ್ವಲ್ಪ ತಿರುಗಿಸಿದ್ದಕ್ಕೆ ಉತ್ತರ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಒಂದು ಗುರಿ ಘೋಷಿಸಿತು, ತಡೆಯಬಹುದಾದ ಗಂಭೀರ ಔಷಧ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸುವುದು. ಔಷಧದ ತಪ್ಪಿನ ಜಾಗತಿಕ ವೆಚ್ಚ ವರ್ಷಕ್ಕೆ 4,200 ಕೋಟಿ ಡಾಲರ್ ಅಂತಲೂ ಆಗ ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಅರ್ಧಕ್ಕೆ ಇಳಿಸಬೇಕಾದರೆ ಶುರುವಿನಲ್ಲಿ ಎಷ್ಟಿತ್ತು, ಯಾವ ಸಾಧನದಲ್ಲಿ ಅಳೆದದ್ದು ಅನ್ನುವುದು ಬೇಕು, ಐದು ವರ್ಷದ ನಂತರವೂ ಅದೇ ಸಾಧನದಲ್ಲಿ ಅಳೆಯಬೇಕು. ಘಟನಾ ವರದಿ ಮಾತ್ರ ಇರುವ ಆಸ್ಪತ್ರೆ ಈ ಗುರಿ ಮುಟ್ಟುವ ಸುಲಭ ದಾರಿ ಯಾವುದು ಅಂತ ನಾನು ಹೇಳಬೇಕಾಗಿಲ್ಲ. ಈಗ ಎಐ ಬಂದು ಫೈಲುಗಳನ್ನೆಲ್ಲ ತಾನೇ ಓದಿ ಎಣಿಸುತ್ತದೆ ಅನ್ನುತ್ತಿದ್ದಾರೆ. ಓದಲಿ, 20ರ ಬದಲು 20,000 ಫೈಲು ಓದಿದರೆ ಲಾಭವೇ. ಆದರೆ ಟಿಪ್ಪಣಿಯಲ್ಲಿ ಇಲ್ಲದ್ದು ಅದಕ್ಕೂ ಕಾಣುವುದಿಲ್ಲ. ಎಣಿಕೆ ಒಮ್ಮೆಲೇ ಹತ್ತು ಪಟ್ಟಾದಾಗ ಆ ಆಸ್ಪತ್ರೆ ಕೆಟ್ಟಿದೆ ಅಂತ ಹೆಡ್‌ಲೈನ್ ಬಂದರೆ, ಮರುದಿನವೇ ಆ ಯಂತ್ರವನ್ನು ಬಂದ್ ಮಾಡಿಬಿಡುತ್ತಾರೆ.

ನನ್ನ ಪ್ರಕಾರ ಒಂದು ಆಸ್ಪತ್ರೆಗೆ ಕನಿಷ್ಠ ಎರಡು ಸಾಧನ ಬೇಕು. ಎಷ್ಟು ಅಂತ ತಿಳಿಯಲು ಟ್ರಿಗರ್ ಅಥವಾ ಪಕ್ಕದಲ್ಲಿ ನಿಂತು ನೋಡುವುದು, ಯಾಕೆ ಅಂತ ತಿಳಿಯಲು ವರದಿ. ಮೊದಲನೆಯದನ್ನು ಅದೇ ಆಸ್ಪತ್ರೆಯ ಹಿಂದಿನ ವರ್ಷದ ಜೊತೆ ಮಾತ್ರ ಹೋಲಿಸಬೇಕು, ಎರಡನೆಯದನ್ನು ಯಾವುದರ ಜೊತೆಗೂ ಹೋಲಿಸಬಾರದು.

ಇಷ್ಟೆಲ್ಲ ಆಸ್ಪತ್ರೆಯ ಒಳಗಿನ ಮಾತಾಯಿತು. ಔಷಧದ ಬಹುಪಾಲು ಬಳಕೆ ಹೊರಗೆ, ಮನೆಯಲ್ಲಿ. ಅಲ್ಲಿ ಅಳತೆ ತೀರಾ ಕಡಿಮೆ. ಇಂಗ್ಲೆಂಡಿನಲ್ಲಿ 72 ಕುಟುಂಬ ವೈದ್ಯರ ಕ್ಲಿನಿಕ್‌ಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪಿನ್ಸರ್ ಎಂಬ ಪ್ರಯೋಗ ಒಂದು ದಾರಿ ತೋರಿಸಿತು. ಹೊಟ್ಟೆ ಹುಣ್ಣು ಇದ್ದವರಿಗೆ ಹೊಟ್ಟೆ ಕಾಯುವ ಔಷಧ ಇಲ್ಲದೆ ನೋವಿನ ಮಾತ್ರೆ ಬರೆದಿದ್ದಾರಾ, ಆಸ್ತಮಾ ಇದ್ದವರಿಗೆ ಉಸಿರಾಟಕ್ಕೆ ತೊಂದರೆ ಕೊಡಬಹುದಾದ ಬಿಪಿ ಔಷಧ ಬೀಟಾ ಬ್ಲಾಕರ್ ಕೊಟ್ಟಿದ್ದಾರಾ ಅಂತ ಕ್ಲಿನಿಕ್ಕಿನ ಕಂಪ್ಯೂಟರನ್ನೇ ಕೇಳುವುದು, ಸಿಕ್ಕಿದ್ದನ್ನು ಫಾರ್ಮಸಿಸ್ಟ್ ಹೋಗಿ ವೈದ್ಯರ ಜೊತೆ ಕೂತು ಸರಿಮಾಡುವುದು. ಆರು ತಿಂಗಳ ಹೊತ್ತಿಗೆ ಅಂಥ ಚೀಟಿಗಳು ಕಡಿಮೆಯಾಗಿದ್ದವು. ಆದರೆ ಇದು ಕೂಡ ಚೀಟಿಯವರೆಗೆ ಮಾತ್ರ. ಕೀಲುವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೋಟ್ರೆಕ್ಸೇಟ್ ಮಾತ್ರೆಗೆ ‘ದಿನಕ್ಕೊಂದು’ ಅಂತ ಚೀಟಿಯಲ್ಲೇ ಬರೆದಿದ್ದರೆ ಕಂಪ್ಯೂಟರ್ ಹಿಡಿದೀತು. ಚೀಟಿ ಸರಿಯಿದ್ದು ಮನೆಯಲ್ಲಿ ದಿನಾ ನುಂಗುತ್ತಿದ್ದರೆ ಮೇಲೆ ಹೇಳಿದ ಯಾವ ಸಾಧನಕ್ಕೂ ಅದು ಸಿಗುವುದಿಲ್ಲ. ಡಿಸ್ಚಾರ್ಜ್ ಆದ ಮೊದಲ ವಾರದಲ್ಲೇ ಯಾರಾದರೂ ಫೋನ್ ಮಾಡಿ, ‘ಈ ಮಾತ್ರೆ ಹೇಗೆ ತಗೋತಾ ಇದ್ದೀರಿ, ಸ್ವಲ್ಪ ಹೇಳ್ತೀರಾ’ ಅಂತ ಕೇಳಿದರೆ ಮಾತ್ರ ಗೊತ್ತಾದೀತು.